ಬಲಗಡೆಯ ಹೂ

ಸಾಸ್ತಾನ
19-1-2025

ಪ್ರೀತಿಯ ತಂಗಿ ವಿದ್ಯಾ,

ನಿನಗೆ ಅಣ್ಣನ ಆಶೀರ್ವಾದ, ಪ್ರೇಮಾನಂದ ಭಾವನಿಗೆ ನಮಸ್ಕಾರ. ಮೂರು ವಾರ ಕಾಯಿಸಿದೆ, ಬೈಯಬೇಡ. ನೀನು ಫೋನ್ ಮಾಡಿ "ಅಣ್ಣ, ಪ್ರಸಾದ ಕೇಂಡ್ಯಾ?" ಎಂದಾಗಲೆಲ್ಲ ದೇವಸ್ಥಾನದಲ್ಲಿ ಜನ ಇದ್ದಾರೆ ಅಂತ ಇಟ್ಟುಬಿಡುತ್ತಿದ್ದೆ. ಜನವೂ ಇರಲಿಲ್ಲ, ದನವೂ ಇರಲಿಲ್ಲ. ನಲವತ್ತೊಂಬತ್ತರ ವಯಸ್ಸಿನಲ್ಲಿ ಮನೆಯಿಂದಲೇ ಬಿ.ಎ. ಓದಲು ಅರ್ಜಿ ಹಾಕಬಹುದಾ, ದೇವರ ಹತ್ತಿರ ಪ್ರಸಾದ ಕೇಳಿ ಹೇಳು ಅಂತ ನೀನು ಹೇಳಿದ್ದು. ತಿಂಗಳ ಕೊನೆಗೆ ಗಡುವು ಅಂತಲೂ ಹೇಳಿದ್ದಿ. ಬಾಯಿಬಿಟ್ಟು ಮಾತಾಡುವಷ್ಟು ಧೈರ್ಯ ನನಗೆ ಬರಲಿಲ್ಲ, ಅದಕ್ಕೇ ಕಾಗದ.

ಇಲ್ಲಿ ಎಲ್ಲ ಸೌಖ್ಯ. ನಿನ್ನ ಅತ್ತಿಗೆ ವನಮಾಲಾಳ ಮಂಡಿನೋವು ಬಂದುಹೋಗಿ ಮಾಡುತ್ತದೆ. ಮೊನ್ನೆ ಟೋಲ್‌ಗೇಟಿನ ಹುಡುಗನೊಬ್ಬ ಕೆಲಸದ ವರ್ಗಾವಣೆಯ ವಿಚಾರಕ್ಕೆ ಪ್ರಸಾದ ಕೇಳಲು ಬಂದಿದ್ದ. ಮೂರ್ತಿಯ ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ ಅಂತ ವಿವರಿಸಿ ಹೇಳಿ ಕೂತರೆ, ಅರ್ಧ ಗಂಟೆಯಾದರೂ ಎರಡೂ ಅಲ್ಲಾಡಲಿಲ್ಲ. ಫ್ಯಾನ್ ಹಾಕಿ ಭಟ್ರೇ ಅಂದ. ಈ ಕಾಲದವರಿಗೆ ಎಂತ ಹೇಳುವುದು!

ಈಗ ನಿನ್ನ ವಿಷಯ. ಬುಧವಾರ ನಿಮ್ಮ ಪಕ್ಕದ ಮನೆಯ ಪೂಜೆಗೆ ಬಿಜೂರಿಗೆ ಬಂದಿದ್ದೆನಲ್ಲ, ಆರು ಗಂಟೆಯ ಬಸ್ಸಿಗೆ ಬಂದೆ ಅಂತ ನಿನಗೆ ಹೇಳಿದ್ದು ಸುಳ್ಳು. ನಾಲ್ಕೂವರೆಗೇ ಬಂದು, ನಿನಗೆ ಎದುರಾಗಲು ಧೈರ್ಯವಾಗದೆ ನಿನ್ನ ಬಾವಿಕಟ್ಟೆಯ ಹಿಂದೆ ಕೂತಿದ್ದೆ. ಜಗಲಿಯಲ್ಲಿ ನಿನ್ನ ಹತ್ತಿರ ಟ್ಯೂಷನ್‌ಗೆ ಬರುವ ಹತ್ತನೇ ಕ್ಲಾಸಿನ ಮಕ್ಕಳು ಇದ್ದರು. ಇಂಗ್ಲಿಷ್ ಪುಸ್ತಕದಲ್ಲಿ ಹಿಮ ಬಿದ್ದರೆ ಹೀಗೆ, ರೈಲು ತಪ್ಪಿದರೆ ಹಾಗೆ ಅಂತ ವಾಕ್ಯಗಳು. ಹಿಮ ಎಲ್ಲಿ ಕಂಡಿದ್ದಾವೆ ಆ ಮಕ್ಕಳು? ಪೆನ್ಸಿಲ್ ಕಚ್ಚುತ್ತಾ ಕೂತಿದ್ದವು. ನೀನು ಪುಸ್ತಕ ಮುಚ್ಚಿ, ನಿಮ್ಮ ಮನೆಯಲ್ಲಿ ಹರಕೆ ಹೇಗೆ ಹೇಳಿಕೊಳ್ಳುತ್ತಾರೆ ಹೇಳಿ ಅಂದೆ. ಅಷ್ಟೇ ಸಾಕಾಯಿತು. ಬಲೆ ತುಂಬ ಮೀನು ಬಂದರೆ ಹೂವಿನ ಪೂಜೆ, ದನ ಹೆಣ್ಣು ಕರು ಹಾಕಿದರೆ ಮೊದಲ ಹಾಲಿನ ಅಭಿಷೇಕ, ಅಕ್ಕನ ಮದುವೆಯಾದರೆ ರಂಗಪೂಜೆ. ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. "ದೇವರಿಗೇ ಷರತ್ತು ಹಾಕೂಕೆ ಬತ್ತ್ ನಿಮ್ಗೆ, ಇಂಗ್ಲಿಷಿಗೆ ಎಂತ ಹೆದ್ರೂದ್? ಮೊದ್ಲು 'ಇಫ್' ಹಾಕಿ, ಕಾಂಬ" ಅಂದೆ ನೀನು.

ಮೂವತ್ತು ವರ್ಷಕ್ಕೂ ಮೇಲಿಂದ ಜನರ ಹರಕೆಯನ್ನು ದೇವರಿಗೆ ಒಪ್ಪಿಸುತ್ತಾ ಬಂದವನು ನಾನು. ಅದರೊಳಗೆ ಇಂಥ ಪಾಠ ಇದೆ ಅಂತ ಒಂದು ದಿನವೂ ಹೊಳೆಯಲಿಲ್ಲ ನೋಡು. ದೋಣಿ ಕೆಲಸದ ಕುಷ್ಟನ ಮಗಳು ಮೋಕ್ಷಿತಾ ಎದ್ದು ನಿಂತು, ಇಂಗ್ಲಿಷಲ್ಲಿ ಪಾಸಾದರೆ ದೇವರಿಗೆ ನೂರು ತೆಂಗಿನಕಾಯಿ ಕೊಡುತ್ತೇನೆ ಅಂತ ಇಂಗ್ಲಿಷಿನಲ್ಲೇ ಹೇಳಿದಳು. ಮರ ಹತ್ತುವವರು ಯಾರು ಅಂತ ನೀನು ಕೇಳಿದೆ, ಅದೂ ಇಂಗ್ಲಿಷಿನಲ್ಲೇ. ಬಾವಿಕಟ್ಟೆಯ ಹಿಂದೆ ನಾನು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ನನ್ನ ತಂಗಿ ಅಂತ ರಸ್ತೆಗೆ ಹೋಗಿ ಕೂಗಿ ಹೇಳಬೇಕು ಅನ್ನಿಸಿತು. ಕಾಲೇಜಿನ ಮೆಟ್ಟಿಲು ಹತ್ತದೆ, ರೇಡಿಯೋ ಕೇಳಿ, ಹಳೇ ಪೇಪರ್ ಓದಿ ನೀನು ಕಲಿತ ಇಂಗ್ಲಿಷು ಅದು. ಹೆಮ್ಮೆಯಾಯಿತು ಮಾರಾಯ್ತಿ, ನಿಜಕ್ಕೂ.

ಆಮೇಲೆ ಮೋಕ್ಷಿತಾ, ಆಗಿಹೋದದ್ದಕ್ಕೂ 'ಇಫ್' ಹಾಕಬಹುದಾ ಅಂತ ಕೇಳಿದಳು. ಹಾಕಬಹುದು, ಆದರೆ ಅದಕ್ಕೆ ಯಾವ ಹರಕೆಯೂ ನಡೆಯುವುದಿಲ್ಲ ಅಂದು, ನೀನು ನಿನ್ನದೇ ಉದಾಹರಣೆ ಕೊಟ್ಟೆ. ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಅವಳಿಗೆ ತಿಳಿಯಲಿ ಅಂತ ಕನ್ನಡದಲ್ಲಿ ಹೇಳಿದೆ. "ನಾನ್ ಕಾಲೇಜಿಗೆ ಹೋಗಿದ್ರೆ ಬಿಜೂರಿಗೆ ಬತ್ತಿರ್ಲಿಲ್ಲ. ದೇವ್ರ್ ಬ್ಯಾಡ ಅಂದ, ನಂಗೆ ನೀವ್ ಸಿಕ್ಕಿದ್ರಿ."

ನಾನು ಎದ್ದು ಬಸ್‌ಸ್ಟಾಂಡಿಗೆ ನಡೆದೆ. ಆರು ಗಂಟೆಗೆ ಈಗಷ್ಟೇ ಇಳಿದವನ ಹಾಗೆ ವಾಪಸು ಬಂದೆ. ನೀನು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಇಟ್ಟೆ, ಸಕ್ಕರೆ ಜಾಸ್ತಿಯಾಯಿತಾ ಅಂತ ನೀನು ಕೇಳಿದೆ.

ವಿದ್ಯಾ, ಅರ್ಜಿ ಹಾಕು. ನಾಳೆಯೇ ಹಾಕು. ಪ್ರಸಾದ ಕೇಳುವುದು ಬೇಡ. ಪರೀಕ್ಷೆಯ ದಿನ ನಿನ್ನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ, ಪೂಜೆಗೆ ಬೇರೆಯವರನ್ನು ನಿಲ್ಲಿಸಿ ಬರುತ್ತೇನೆ. ನೀನು ಕಲಿತು, ಕಲಿಸಿ, ನೂರು ಮೋಕ್ಷಿತಾರನ್ನು ದಡ ಹತ್ತಿಸು. ಭಾವನಿಗೆ ಬೆಲ್ಲ ಕಡಿಮೆ ಹಾಕು, ಸಕ್ಕರೆ ಕಾಯಿಲೆ ನೆನಪಿರಲಿ.

ನಿನ್ನ ಅಣ್ಣ,
ಮಹಾಲಿಂಗ

ಮತ್ತೆ: ಇಷ್ಟು ಬರೆದು ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದ್ದೇನೆ. ಮೂವತ್ತೊಂದು ವರ್ಷದ ಹಿಂದೆ ನಿನ್ನ ಕಾಲೇಜಿಗೆ ಪ್ರಸಾದ ಕೇಳಿದ ದಿನ ನಿನಗೆ ನೆನಪಿರಬೇಕು. ಅಪ್ಪ ಹೋಗಿ ವರ್ಷವಾಗಿತ್ತು, ಅಮ್ಮ ಹಾಸಿಗೆ ಹಿಡಿದಿದ್ದಳು, ನನಗೆ ಇಪ್ಪತ್ನಾಲ್ಕು. ನೀನು ಹೋದರೆ ಅಮ್ಮನನ್ನು ಎತ್ತಿ ಕೂರಿಸುವವರು ಯಾರು, ನೈವೇದ್ಯಕ್ಕೆ ಅನ್ನ ಮಾಡುವವರು ಯಾರು ಅಂತ ನನಗೆ ಹೆದರಿಕೆ. ನೀನು ಹೊರಗೆ ಒದ್ದೆ ಕೈಯಲ್ಲಿ ನಿಂತಿದ್ದೆ. ನಾನು ಬಿದ್ದ ಹೂವನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿ, "ಎಡಕ್ಕಾಯ್ತ್" ಅಂದೆ. ನೀನು "ಅಕ್ಕ್ ಅಣ್ಣ" ಅಂತ ಒಪ್ಪಿ ಅಕ್ಕಿ ತೊಳೆಯಲು ಹೋದೆ. ಈಗ ಅದೇ ಪ್ರಶ್ನೆ ಹಿಡಿದುಕೊಂಡು ದೇವರ ಮುಂದೆ ಕೂರಲು ನನಗೆ ಮುಖ ಇಲ್ಲ. ದೇವರು ಬೇಡ ಅಂದಿರಲಿಲ್ಲ, ವಿದ್ಯಾ. ಬಿದ್ದದ್ದು ಬಲಗಡೆಯ ಹೂ.