ಮದ್ರಾಸಿನ ಮಾತ್ರೆ, ಕಂಪ್ಲಿಯ ಊಟ

ಕಂಪ್ಲಿ
೧೨-೫-೧೯೩೬

ಪ್ರೀತಿಯ ತಮ್ಮ ಹಾಲಸ್ವಾಮಿಗೆ ಅಕ್ಕ ಪಂಪಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಮದ್ರಾಸಿನ ಔಷಧಿ ಅಂಗಡಿಯಲ್ಲಿ ಊರಿಗೆಲ್ಲ ಮದ್ದು ಕೊಡುವವನೇ ಕೆಮ್ಮುತ್ತ ಕೂತರೆ ಗಿರಾಕಿಗಳು ಬಂದಾರೆಯೇ? ಇಲ್ಲಿ ನಾವೆಲ್ಲ ಇದ್ದೇವೆ. ಅಮ್ಮ ಮಾತ್ರ ಈಚೆಗೆ ಬಹಳ ಸೊರಗಿದ್ದಾಳೆ. ಬಿಸಿಲಿನ ಕಾಟ ಇರಬೇಕು.

ನನ್ನ ಮಂಡಿನೋವಿಗೆ ಮೈಭಾರವೇ ಕಾರಣವೆಂದು ನೀನು ಕಳಿಸಿದ ತೂಕ ಇಳಿಸುವ ಮಾತ್ರೆಯನ್ನು ನುಂಗುತ್ತಿದ್ದೇನೆ. ರವಿಕೆ ಸಡಿಲವಾಗಿರುವುದು ನಿಜ. ಆದರೆ ಮೈಯೆಲ್ಲ ಒಲೆಯ ಮುಂದೆ ಕೂತ ಹಾಗೆ ಕಾಯುತ್ತದೆ, ಬೆವರು ನಿಲ್ಲುವುದಿಲ್ಲ, ಎದೆ ಡವಡವ ಎನ್ನುತ್ತದೆ. ಇದು ಮಾತ್ರೆಯ ಕೆಲಸವೋ ನಮ್ಮೂರ ಬೇಸಿಗೆಯ ಕೆಲಸವೋ ಒಂದೂ ತಿಳಿಯದು ಮಾರಾಯ. ಊಟದ್ದಂತೂ ದೊಡ್ಡ ಗೋಜಲು. ಅನ್ನ, ತುಪ್ಪ ಕಡಿಮೆ ಮಾಡು, ಆದರೆ ಉಪವಾಸ ಮಾತ್ರ ಬೇಡ ಎಂದು ನೀನು ಬರೆದೆ. ಸೋಮವಾರದ ಒಪ್ಪತ್ತನ್ನು ಬಿಡಲಾದೀತೇ? ನಿನ್ನೆ ಒಪ್ಪತ್ತೂ ಮಾಡಿ ಮಾತ್ರೆಯನ್ನೂ ನುಂಗಿದೆ, ಬಾವಿಯ ಹತ್ತಿರ ಕಣ್ಣು ಕತ್ತಲೆ ಬಂತು. ನೀರು ಚೆನ್ನಾಗಿ ಕುಡಿ ಎಂದೆ. ಪಕ್ಕದ ಮನೆಯ ಮುದುಕಮ್ಮ, "ಮದ್ದಿನ ಮ್ಯಾಲೆ ನೀರು ಕುಡೀಬ್ಯಾಡವ್ವ, ಅದರ ಗುಣ ತೊಳದು ಹೋಗ್ತೈತಿ" ಎಂದು ಕೈಯಲ್ಲಿದ್ದ ಚೊಂಬನ್ನೇ ಕಸಿದುಕೊಂಡಳು. ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳೋಣವೆಂದರೆ ಅಮ್ಮ, "ಪ್ರಸಾದ ಬಿಡಬಾರ್ದು ಪಂಪೀ" ಎಂದು ತಟ್ಟೆ ತೊಳೆದ ನೀರನ್ನೂ ಕುಡಿಸಿಯೇ ಬಿಡುತ್ತಾಳೆ. ನಿನ್ನ ಭಾವನದು ಬೇರೆ ತಮಾಷೆ: "ಗಿರಣಿಗೆ ಬಾ, ಅಕ್ಕಿ ಚೀಲದ ಜೋಡಿ ನಿನ್ನೂ ತೂಗ್ತೀನಿ." ನಾನು ಯಾರ ಮಾತು ಕೇಳಲಿ? ನಗುತ್ತ ಬರೆಯುತ್ತಿದ್ದೇನಾದರೂ ನನಗೆ ನಿಜವಾಗಿ ಹೆದರಿಕೆಯಾಗಿದೆ. ಮಾತ್ರೆ ನಿಲ್ಲಿಸಲೋ ಬೇಡವೋ, ಬೇಗ ತಿಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಹಂಪಿಯ ವಿರೂಪಾಕ್ಷ ನಿನ್ನ ಮೈಯನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಪಂಪಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅಮ್ಮ ದೇವರ ಕೋಣೆಯಲ್ಲಿ ಕುಸಿದು ಬಿದ್ದಳು. ಮೈ ಸುಡುತ್ತಿದೆ, ಅಂಗೈಯಲ್ಲಿ ನಿನ್ನ ಮಾತ್ರೆ ಇತ್ತು. ದಿನಾಲೂ ಲಿಂಗಪೂಜೆ ಮುಗಿಸಿ, ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬರಿಹೊಟ್ಟೆಯಲ್ಲಿ ಒಂದು ನುಂಗುತ್ತಿದ್ದಳಂತೆ. ಕಡ್ಡಿಯಂತಿರುವ ನಿನಗೆ ಇಳಿಸಲಿಕ್ಕೆ ಏನಿದೆಯಮ್ಮಾ ಎಂದು ನಾನು ಅತ್ತುಬಿಟ್ಟೆ. "ನನ್ನ ಮಗ ಕಳಿಸ್ಯಾನ, ಅದರಾಗ ನನಗ ಪಾಲಿಲ್ಲೇನು?" ಎಂದಳು. ಹೊಸಪೇಟೆಯ ಆಸ್ಪತ್ರೆಗೆ ಗಾಡಿ ಹೂಡುತ್ತಿದ್ದಾರೆ. ನಿನ್ನ ಭಾವ ಅಲ್ಲಿಂದ ತಂತಿ ಕೊಡುತ್ತಾರೆ, ಅದರಲ್ಲಿ ಇಷ್ಟೆಲ್ಲ ಹಿಡಿಸದು. ಮಾತ್ರೆಯಲ್ಲಿ ಏನು ಹಾಕಿದ್ದಾರೆಂದು ಡಾಕ್ಟರಿಗೆ ತಂತಿಯಲ್ಲೇ ತಿಳಿಸಿ ನೀನೂ ಹೊರಡು. ಬಂದವನು ಅವಳನ್ನು ಬೈಯಬೇಡ. ಮದ್ರಾಸಿಗೆ ಹೋದಾಗಿನಿಂದ ನೀನು ಅವಳ ಹೆಸರಿಗೆ ಏನನ್ನೂ ಕಳಿಸಿಲ್ಲ.