ನಾಲ್ಕನೆಯ ಲೋಟದ ಅಜ್ಜನಿಗೆ

ಸಿಹಿಗಡಲ ದಂಡೆ
ಎರಡನೆಯ ಮಾಗಿಯ ನಲವತ್ತೊಂದನೆಯ ದಿನ, ೨೩೧೮

ಪೂಜ್ಯ ವಾಮನಮೂರ್ತಿ ಅಜ್ಜನವರಿಗೆ ನೇಸರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ, ಅದು ಕೈತಪ್ಪಿ ಬಿದ್ದ ಅಂಕಿಯಲ್ಲ. ನಮ್ಮ ಪಂಚಾಂಗದಲ್ಲಿ ವರ್ಷಕ್ಕೆ ಎರಡು ಮಾಗಿ. ಮೊದಲನೆಯದು ಹಿಮದ್ದು, ಎರಡನೆಯದು ಬರೀ ಮಂಜಿನದು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆಯಿರಲಿ. ಅರ್ಧ ಕನ್ನಡವನ್ನು ನಾನು ನನ್ನ ಅಜ್ಜಿಯಿಂದ ಕಲಿತೆ, ಇನ್ನರ್ಧವನ್ನು ನಿಮ್ಮ ಸ್ನೇಹಿತರ ಜಗಳದಿಂದ. ಹಾಗಾಗಿ ನನಗೆ ಮೆತ್ತಗೆ ಮಾತಾಡುವುದಕ್ಕಿಂತ ಜೋರಾಗಿ ವಾದಿಸುವುದು ಚೆನ್ನಾಗಿ ಬರುತ್ತದೆ.

ಈ ಕಾಗದ ನಿಮ್ಮ ಹಾಸಿಗೆಯ ಪಕ್ಕದ ಫೋನಿನ ತೆರೆಯ ಮೇಲೆ ತಾನಾಗಿ ಮೂಡುತ್ತದೆ. ಇದನ್ನು ನಾವು ಹಿನ್ನಡೆ ಅಂಚೆ ಎನ್ನುತ್ತೇವೆ. ಕಳೆದುಹೋದ ಕಾಲಕ್ಕೆ ನಾಲ್ಕು ಮಾತು ಕಳಿಸುವ ವ್ಯವಸ್ಥೆ ಅದು. ಅದಕ್ಕಿರುವುದು ಒಂದೇ ಕಟ್ಟುನಿಟ್ಟಿನ ನಿಯಮ: ಓದಿದವರು ಅದನ್ನು ಇನ್ನೊಬ್ಬರಿಗೆ ಹೇಳಲು ಆಗಬಾರದು. ನನ್ನ ಅರ್ಜಿಯನ್ನು ಆ ಅಂಚೆಯ ಮಂಡಳಿಯವರು ಓದಿ, ‘ಈ ಹಿರಿಯರಿಗೆ ಲಕ್ವ ಹೊಡೆದು ಮಾತು ನಿಂತಿದೆ, ಬಲಗೈ ಏಳುವುದಿಲ್ಲ, ಎಡಗೈಗೆ ಬರವಣಿಗೆ ಬಾರದು, ಕಣ್ಣು ಮಾತ್ರ ಚುರುಕಾಗಿದೆ’ ಎಂದು ಖಚಿತವಾದ ಮೇಲೆ ಕೂಡಲೇ ಒಪ್ಪಿಗೆ ಕೊಟ್ಟರು. ನಿಮ್ಮ ಕಷ್ಟ ನನಗೆ ಅನುಕೂಲವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅಜ್ಜ, ಆ ದಿನ ನಾನು ಮಂಡಳಿಯ ಮೆಟ್ಟಿಲ ಮೇಲೆ ಕುಣಿದುಬಿಟ್ಟೆ.

ನಾನು ಕಿವಿಗಾರ್ತಿ. ಹಳೆಯ ಯಂತ್ರಗಳಲ್ಲಿ ಹುದುಗಿ ಹೋದ ದನಿಗಳನ್ನು ಹೊರತೆಗೆದು, ತೊಳೆದು, ಕೇಳುವಂತೆ ಮಾಡುವುದು ನನ್ನ ಕೆಲಸ. ನಿಮಗೆ ಮಾತು ಕಲಿಸಲು ಬರುವಾಕೆಗೆ ಉಪಯೋಗವಾಗಲೆಂದು ನಿಮ್ಮ ಮಗಳು ನಿಮ್ಮ ಫೋನಿನ ಕರೆಗಳೆಲ್ಲ ಉಳಿಯುವಂತೆ ಏರ್ಪಾಡು ಮಾಡಿದ್ದಳಲ್ಲ, ಆ ಪುಣ್ಯಾತ್ಗಿತ್ತಿಯಿಂದ ನನಗೆ ಹೊಟ್ಟೆ ತುಂಬ ಕೆಲಸ ಸಿಕ್ಕಿದೆ. ನೀವು ಆ್ಯಕ್ರನ್ ಊರಿನ ಆ ಶುಶ್ರೂಷಾಲಯದಲ್ಲಿ ಮಲಗಿಯೇ ಕೇಳಿಸಿಕೊಂಡ ಭಾನುವಾರದ ಹರಟೆಯೆಲ್ಲವನ್ನೂ ನಾನು ಇಲ್ಲಿ ಕೂತು ಕೇಳಿದ್ದೇನೆ.

ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ನಿಮ್ಮ ಕಾಲದಲ್ಲಿ ಓಹಾಯೋದ ಉತ್ತರದ ಅಂಚಿನಲ್ಲಿದ್ದ ಆ ದೊಡ್ಡ ಸರೋವರವನ್ನೇ ನಾವು ಸಿಹಿಗಡಲು ಎನ್ನುವುದು. ದಕ್ಷಿಣದ ಬಿಸಿಲಿಗೆ ಹೆದರಿ ಬಂದ ಎಲ್ಲ ಜನರೂ ಇದರ ದಂಡೆಗೆ ಅಂಟಿಕೊಂಡು ಬದುಕುತ್ತಾರೆ. ಬೆಳಗಾದರೆ ತೇಲುಕೇರಿಯ ದೋಣಿಗಳು ಸೊಪ್ಪು, ಮೀನು, ಹಸಿರು ಜೋಳ ಹೊತ್ತು ಮನೆಬಾಗಿಲಿಗೆ ಬರುತ್ತವೆ. ಮಂಜು ದಟ್ಟವಾದ ದಿನ ದೋಣಿಯವರು ಕಾಣುವುದಿಲ್ಲ, ಬರೀ ಕೂಗು ಕೇಳಿಸುತ್ತದೆ. ನಾವು ಕಿಟಕಿಯಿಂದ ಕೂಗಿಯೇ ಚೌಕಾಸಿ ಮಾಡಿ, ಬುಟ್ಟಿ ಇಳಿಬಿಟ್ಟು, ಬಂದದ್ದನ್ನು ಮೇಲೆಳೆದುಕೊಂಡು, ಇದು ನಾನು ಕೇಳಿದ ಸೊಪ್ಪಲ್ಲ ಎಂದು ಮತ್ತೆ ಕೂಗುತ್ತೇವೆ. ಕಾಫಿ ಎಂದು ನಾವು ಕುಡಿಯುವುದು ಹುರಿದ ಬಾರ್ಲಿಯ ಕಷಾಯ. ನಿಜವಾದ ಕಾಫಿಯ ವಾಸನೆ ನಾನು ಕಂಡಿಲ್ಲ. ನಮಗೆ ಅಧ್ಯಕ್ಷರಿಲ್ಲ. ನೀರು ಯಾರಿಗೆ ಎಷ್ಟು, ದಂಡೆಯ ಗೋಡೆ ಎಲ್ಲಿಯವರೆಗೆ ಎಂದು ತೀರ್ಮಾನಿಸುವ ನೀರುಮಂಡಳಿಯಿದೆ, ಅದಕ್ಕೆ ನಾವೇ ಮತ ಹಾಕಿ ಜನರನ್ನು ಕಳಿಸುತ್ತೇವೆ. ಇಷ್ಟೆಲ್ಲ ಬದಲಾದರೂ ನಮ್ಮ ವಯಸ್ಸಾದವರು ಮಾತ್ರ ಎಳ್ಳಷ್ಟೂ ಬದಲಾಗಿಲ್ಲ. ಸೊಂಟ ನೋವಿನಿಂದ ಶುರುವಾದ ಮಾತು ಸೊಸೆಯ ಅಡುಗೆ ದಾಟಿ, ಮೂವತ್ತು ವರ್ಷದ ಹಿಂದಿನ ಮಂಡಳಿಯವರು ಎಂಥ ಮನುಷ್ಯರು, ಈಗಿನವರು ಎಂಥ ಅಯೋಗ್ಯರು ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನನ್ನ ಅಜ್ಜಿ ಗೋಡೆ ಎತ್ತರಿಸಬೇಕೆನ್ನುವ ಪಕ್ಷ, ಅವಳ ಬೀಗತಿ ಗೋಡೆಯೇ ಬೇಡವೆನ್ನುವ ಪಕ್ಷ. ಇಬ್ಬರೂ ಒಂದೇ ಮೊಮ್ಮಗಳಿಗೆ ಸ್ವೆಟರ್ ಹೆಣೆಯುತ್ತಾರೆ. ಆ ಮೊಮ್ಮಗಳು ನಾನೇ.

ಇಂಥ ಜಗಳಗಳು ಕೈಮೀರದಂತೆ ನಮ್ಮಲ್ಲೊಂದು ರೂಢಿಯಿದೆ, ಅದರ ಹೆಸರು ಮೂಕಲೋಟ. ಬೇರೆ ಬೇರೆ ಪಕ್ಷದ ಮೂವರು ಮಾತಿಗೆ ಕೂತರೆ ನಾಲ್ಕು ಲೋಟ ಇಡಬೇಕು. ನಾಲ್ಕನೆಯದರ ಮುಂದೆ ಯಾರೂ ಕೂರುವಂತಿಲ್ಲ. ಮಾತು ಬಿಸಿಯಾದಾಗ ಯಾರಾದರೂ ಒಬ್ಬರು ಚಮಚದಿಂದ ಆ ಲೋಟವನ್ನು ಎರಡು ಸಲ ಬಡಿಯಬೇಕು. ಬಡಿದ ಮೇಲೆ ಮಕ್ಕಳು ಮೊಮ್ಮಕ್ಕಳ ಸುದ್ದಿ ಬಿಟ್ಟು ಬೇರೆ ಮಾತಿಲ್ಲ. ಕೊನೆಗೆ ಆ ಕಾಫಿಯನ್ನು ಭಕ್ತಿಯಿಂದ ಗಿಡದ ಬುಡಕ್ಕೆ ಸುರಿಯಬೇಕು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಹಳೆಯ ಕಾಲದ ಯಾವನೋ ಸತ್ತ ಅಧ್ಯಕ್ಷನ ಪಾಲು ಅದು ಎಂದು ಶಾಲೆಯಲ್ಲಿ ಕಲಿಸುತ್ತಾರೆ, ನಾನೂ ಪರೀಕ್ಷೆಯಲ್ಲಿ ಹಾಗೇ ಬರೆದು ಪಾಸಾದವಳು.

ಆಮೇಲೆ ನಿಮ್ಮ ದನಿಗಳು ಸಿಕ್ಕಿದವು! ಮೊದಲ ಕರೆ ಕೇಳಿದ ದಿನ ನಾನು ಊಟ ಮರೆತೆ. ಡೋನಟ್ ಅಂಗಡಿಯ ಗದ್ದಲ, ಕುರ್ಚಿ ಎಳೆದ ಸದ್ದು, ಮೂವರ ಮಾತು. ಟಯರು ಕಾರ್ಖಾನೆಯಿಂದ ನಿವೃತ್ತರಾದ, ನಿಮ್ಮ ತುಮಕೂರಿನ ಶಾಲೆಯ ಗೆಳೆಯ ಪಂಚಾಕ್ಷರಯ್ಯ. ಅವರ ಬೀಗರು, ಧಾರವಾಡದ ಕಡೆಯ ಬಸಲಿಂಗಪ್ಪ. ಡೋನಟ್ ಅಂಗಡಿಯಲ್ಲಿ ಕೂತು ಚೀಲದಿಂದ ಕೋಡುಬಳೆ ತೆಗೆದು ಕರಕರ ಕಡಿಯುವ ನಿವೃತ್ತ ನರ್ಸ್ ಸುಗುಣಮ್ಮ. ಆ ಸದ್ದನ್ನು ಯಂತ್ರದ ದೋಷವೆಂದು ತಿಳಿದು ನಾನು ಎರಡು ವಾರ ತೊಳೆದಿದ್ದೇನೆ, ಅದು ಹೋಗಲಿಲ್ಲ. ನಿಮ್ಮ ಭಾನುವಾರಗಳು ತಪ್ಪಬಾರದೆಂದು ಸುಗುಣಮ್ಮ ಮೇಜಿನ ಮೇಲೆ ತಮ್ಮ ಫೋನಿಟ್ಟು ನಿಮಗೆ ಕರೆ ಮಾಡಿ, ಅದರ ಮುಂದೆ ಒಂದು ಕಾಫಿಯನ್ನೂ ಇಡುತ್ತಿದ್ದರು. ಆ ಮೊದಲ ದಿನವೇ ಅವರು ಹೇಳಿದ ಮಾತು ನನ್ನ ಕಿವಿಗೆ ಬಿದ್ದಾಗ ನಾನು ಕುರ್ಚಿ ಬಿಟ್ಟೆದ್ದು ಕೂಗಿದೆ. “ವಾಮನಣ್ಣಾ, ಕೈಯಲ್ಲಿ ಚಮಚ ಇದ್ಯಲ್ಲ, ಮಂಚದ ಕಂಬಿಗೆ ತಟ್ಟಿ. ಹೌದು ಅನ್ನೋಕೆ ಒಂದ್ಸಲ. ಇವರಿಬ್ಬರ ಜಗಳ ಸಾಕಪ್ಪಾ ಅನ್ನಿಸಿದ್ರೆ ಎರಡ್ಸಲ, ತಿಳೀತಾ?” ಆ ಕಡೆಯಿಂದ ಟಣ್ ಎಂದು ಒಂದು ಸದ್ದು.

ಅಜ್ಜ, ಅದು ನೀವು! ಸತ್ತ ಅಧ್ಯಕ್ಷರೂ ಅಲ್ಲ, ಯಾವ ದೇವರೂ ಅಲ್ಲ. ಹಾಸಿಗೆಯಲ್ಲಿ ಮಲಗಿ ನಗು ತಡೆಯಲಾರದೆ ಚಮಚ ಬಡಿಯುತ್ತಿದ್ದ ನೀವು! ಮತ್ತೆ ಆ ಕಾಫಿ? ಗಿಡಕ್ಕೆ ಸುರಿದದ್ದೂ ಸುಳ್ಳು. “ಸುಮ್ನೆ ಯಾಕ್ ಚೆಲ್ಲೋದು” ಎಂದು ಪ್ರತಿ ಸಲವೂ ಸುಗುಣಮ್ಮನೇ ಕುಡಿದು ಮುಗಿಸುತ್ತಿದ್ದರು. ಇದನ್ನು ಊರಿಗೆ ಹೇಗೆ ಹೇಳುವುದೆಂದು ನನಗಿನ್ನೂ ತೋಚಿಲ್ಲ. ಅಜ್ಜಿಗೆ ಮಾತ್ರ ಹೇಳಿದೆ, ಅವಳು ಬಿದ್ದು ಬಿದ್ದು ನಕ್ಕಳು.

ಆ ಬೀಗರ ಜಗಳಗಳೋ, ನನಗೆ ಬಾಯಿಪಾಠ. ಜಗಳವೆಲ್ಲ ನಿಮ್ಮ ದೇಶದ ಇಬ್ಬರು ಹಳೆಯ ಅಧ್ಯಕ್ಷರ ಮೇಲೆ, ಒಬ್ಬರು ಮೊದಲು ಶೇಂಗಾ ಬೆಳೆದವರು, ಇನ್ನೊಬ್ಬರು ಸಿನಿಮಾ ನಟರಾಗಿದ್ದವರು; ಅವರ ಹೆಸರುಗಳನ್ನು ಮಾತ್ರ ಅಪ್ಪಿತಪ್ಪಿಯೂ ಹೇಳುತ್ತಿರಲಿಲ್ಲ. “ಅಲ್ರೀ ಬೀಗರ, ಶೇಂಗಾ ಬೆಳದ ಮನಷ್ಯಾ ಸುಳ್ಳ ಹೇಳಂಗಿಲ್ಲ, ನಿಮ್ಮ ಸಿನಿಮಾದಾಂವ ಬರೇ ನಕ್ಕ ನಕ್ಕ ರೊಕ್ಕಸ್ಥರ ಹೊಟ್ಟಿ ತುಂಬಿದ” ಎಂದು ಬಸಲಿಂಗಪ್ಪನವರು ಶುರು ಮಾಡಬೇಕು. “ನಿಮ್ಮ ಕಡ್ಲೇಕಾಯಿ ಸಾಹೇಬ್ರ ಕಾಲದಲ್ಲಿ ಕಾರಿನ ಗ್ಯಾಸಿಗೆ ಕ್ಯೂ ನಿಂತಿದ್ದು ಮರ್ತೋಯ್ತಾ? ಚಳಿ ಆದ್ರೆ ಸ್ವೆಟರ್ ಹಾಕ್ಕೊಳ್ಳಿ ಅಂದ್ರಲ್ಲ ಆ ಮಹಾನುಭಾವ್ರು!” ಎಂದು ಪಂಚಾಕ್ಷರಯ್ಯನವರು ಮೇಲೆ ಬೀಳಬೇಕು. ದನಿ ಏರಿ ಏರಿ ಅಂಗಡಿಯವರು ತಿರುಗಿ ನೋಡುವ ಹೊತ್ತಿಗೆ ಸರಿಯಾಗಿ ನಿಮ್ಮ ಟಣ್ ಟಣ್. ಮೂವರೂ ನಕ್ಕು, “ಆಯ್ತು ಕಣೋ ವಾಮನ, ಆಯ್ತು” ಎಂದು ಪಂಚಾಕ್ಷರಯ್ಯ, “ನಮ್ಮ ಇಂಚರಾ ನಿನ್ನೆ ಮೊದಲ ಹೆಜ್ಜಿ ಇಟ್ಟಳ್ರೀ” ಎಂದು ಬಸಲಿಂಗಪ್ಪ. ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ಕೊಟ್ಟು ಪಡೆದ ಅವರಿಬ್ಬರ ಒಂದೇ ಮೊಮ್ಮಗಳು ಇಂಚರ. ಆ ಕೂಸಿನ ವಂಶದಲ್ಲೇ ನಾನು ಹುಟ್ಟಿದ್ದು. ಅಂದರೆ ಮೇಜಿನ ಎರಡೂ ಕಡೆಯ ಹಟ ನನ್ನ ಮೈಯಲ್ಲಿದೆ.

ಈಗ ನನಗೆ ಸಿಕ್ಕ ಕೊನೆಯ ಭಾನುವಾರಕ್ಕೆ ಬರುತ್ತೇನೆ. ನಿಮಗದು ಮೊನ್ನೆಯದು, ಗಾಯ ಇನ್ನೂ ಹಸಿಯಾಗಿರುತ್ತದೆ. ಆದರೂ ಬರೆಯದೆ ವಿಧಿಯಿಲ್ಲ.

ಇಂಚರಳ ಮೊದಲ ಹುಟ್ಟುಹಬ್ಬಕ್ಕೆ ಪಂಚಾಕ್ಷರಯ್ಯನವರ ಮನೆ ಮುಂದೆ ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು. ಹಿಂದೆ ಹುಲ್ಲಿನಲ್ಲಿ ಅವರು ನೆಟ್ಟಿದ್ದ ಚುನಾವಣೆಯ ಬೋರ್ಡು. ಆ ಬೋರ್ಡಿನ ಜೊತೆ ಮೊಮ್ಮಗಳ ಫೋಟೊದಲ್ಲಿ ಬರಲು ಬಸಲಿಂಗಪ್ಪನವರಿಗೆ ಮನಸ್ಸಿಲ್ಲ, ಬೀಗರ ಮನೆಯಲ್ಲಿ ಅದನ್ನು ಕೀಳುವುದು ಮರ್ಯಾದೆಯಲ್ಲ. ಸರಿ, ಬೀಗರು ಹೊದಿಸಿದ್ದ ಶಾಲನ್ನೇ ಎರಡೂ ಕೈಯಿಂದ ಅಗಲಿಸಿ ಬೋರ್ಡಿಗೆ ಅಡ್ಡ ನಿಂತರು. ಫೋಟೊ ಬಂದಾಗ ಕೂಸಿನ ಹಿಂದೆ ಅವರು ಬಾವಲಿಯಂತೆ ಕಾಣುತ್ತಿದ್ದರಂತೆ. ಸುಗುಣಮ್ಮ ಇದನ್ನು ಹೇಳಿ ನಗಿಸಲು ಹೋದರು. ಪಂಚಾಕ್ಷರಯ್ಯ ನಗಲಿಲ್ಲ. “ನಾನು ಹೊದ್ಸಿದ ಶಾಲಲ್ಲೇ ನನ್ನ ಮುಖಕ್ಕೆ ಮುಸುಕು ಹಾಕಿದ್ರಿ” ಎಂದರು. “ಹಂಗಂದ್ರ ಶಾಲ ವಾಪಸ್ ಕೊಡ್ತೀನಿ ತಗೋರಿ” ಎಂದರು ಬಸಲಿಂಗಪ್ಪ. ಮಾತಿಗೆ ಮಾತು ಬೆಳೆಯಿತು. “ಬೇಕಾದ್ರ ವಾಮನರಾಯರನ್ನ ಕೇಳ್ರಿ” ಎಂದು ಅವರು ಫೋನಿನತ್ತ ತಿರುಗಿದಾಗ ಪಂಚಾಕ್ಷರಯ್ಯ ಆ ಮಾತನ್ನಾಡಿಬಿಟ್ಟರು: “ಅವನನ್ನೇನ್ ಕೇಳ್ತೀರಿ? ಮಾತೇ ಬರ್ದಿರೋನು, ಅವನು ಇದ್ದೂ ಒಂದೇ, ಇಲ್ದೇನೂ ಒಂದೇ.”

ಆಮೇಲೆ ಕುರ್ಚಿ ಸರಿದ ಸದ್ದು. “ಇನ್ನು ನಾನು ಈ ಮೇಜಿಗೆ ಬರಲ್ಲ.” ಸುಗುಣಮ್ಮ ಕರೆ ನಿಲ್ಲಿಸುವುದನ್ನೂ ಮರೆತು ಫೋನನ್ನು ಕೋಡುಬಳೆಯ ಚೀಲಕ್ಕೆ ಹಾಕಿಕೊಂಡರು. ಕಾರಿನಲ್ಲಿ ಒಬ್ಬರೇ ಹೇಳಿಕೊಂಡರು: “ವಾಮನಣ್ಣ ಇವತ್ತು ತಟ್ಲೇ ಇಲ್ಲ. ನಿದ್ದೆ ಬಂದಿತ್ತೋ ಏನೋ ಪಾಪ.” ಅಲ್ಲಿಗೆ ನನ್ನ ಬಳಿಯಿರುವ ದನಿಗಳು ಮುಗಿಯುತ್ತವೆ. ಮುಂದಿನ ಕರೆಗಳು ಇದ್ದವೋ ಅಳಿದವೋ, ಇಲ್ಲವೇ ಯಾರೂ ಕರೆಯಲೇ ಇಲ್ಲವೋ, ನನಗೆ ತಿಳಿಯದು.

ಆದರೆ ನಿಮಗೆ ನಿದ್ದೆ ಬಂದಿರಲಿಲ್ಲ. ಕಿವಿಗಾರ್ತಿಗೆ ಸುಳ್ಳು ಹೇಳಲಾಗುವುದಿಲ್ಲ, ಅಜ್ಜ. ಶಾಲಿನ ಮಾತು ಬಂದಾಗಲೇ ನೀವು ಚಮಚ ಎತ್ತಿಕೊಂಡಿರಿ, ಅದು ಕಂಬಿಗೆ ತಾಗಿದ ಸಣ್ಣ ಸದ್ದಿದೆ. ಗೆಳೆಯನ ಆ ಮಾತು ಮುಗಿದ ಮೇಲೆ ಚಮಚವನ್ನು ತಟ್ಟೆಯಲ್ಲಿಟ್ಟ ಸದ್ದು. ನೀವು ಮೆಲ್ಲಗೆ, ಬೇಕೆಂದೇ ಇಟ್ಟಿರಿ. ಅದನ್ನು ಕೇಳಿ ನಾನು ಅತ್ತೆ.

ರೂಢಿ ಇವತ್ತಿಗೂ ಉಳಿದಿದೆಯೆಂದ ಮೇಲೆ ಮೇಜು ಮತ್ತೆ ಕೂಡಿರಲೇಬೇಕು ಎನ್ನುತ್ತಾಳೆ ಅಜ್ಜಿ. ನನಗೆ ಅಷ್ಟು ಧೈರ್ಯವಿಲ್ಲ. ಆ ಜಗಳಕ್ಕೆ ಮೊದಲೇ ನಿಮ್ಮ ನಾಲ್ಕನೆಯ ಕಾಫಿಯನ್ನು ನೋಡಿದ ಯಾರೋ ಅದನ್ನು ತಮ್ಮ ಮನೆಯಲ್ಲಿ ನಡೆಸಿಕೊಂಡು ಬಂದಿರಬಹುದು, ಆ ಇಬ್ಬರು ಬೀಗರು ಮಾತು ಬಿಟ್ಟೇ ಸತ್ತಿರಬಹುದು, ಇಂಚರ ಒಂದು ಹಬ್ಬ ಆ ಮನೆಯಲ್ಲಿ, ಇನ್ನೊಂದು ಹಬ್ಬ ಈ ಮನೆಯಲ್ಲಿ ಎಂದು ಬೆಳೆದಿರಬಹುದು. ಇಲ್ಲವೇ, ಮೇಜು ಕೂಡಿದ್ದೇ ಈ ಕಾಗದ ನಿಮಗೆ ತಲುಪಿದ್ದರಿಂದ ಇರಬಹುದು!

ಪಂಚಾಕ್ಷರಯ್ಯನವರು ಆಡಿದ್ದು ಕ್ಷಮಿಸುವಂಥ ಮಾತಲ್ಲ. ಅವರು ನನ್ನ ಹಿರಿಯರು, ಆದರೂ ನಾನು ಅವರ ಪರ ವಕಾಲತ್ತು ವಹಿಸುವುದಿಲ್ಲ. ಅದು ಸುಳ್ಳು ಎಂಬುದಕ್ಕೆ ಮಾತ್ರ ಸಾಕ್ಷಿ ಹೇಳುತ್ತೇನೆ. ಆ ಮೇಜಿನಲ್ಲಿ ಅಷ್ಟು ಮಾತಾಡಿದವರು ಮೂವರು, ಅವರು ಆಡಿದ ಒಂದು ಮಾತೂ ನಮ್ಮ ಊರಿಗೆ ನೆನಪಿಲ್ಲ. ಶೇಂಗಾದವನೂ ಸಿನಿಮಾದವನೂ ಯಾರೆಂದು ಇಲ್ಲಿ ನನ್ನ ಹೊರತು ಒಬ್ಬರಿಗೂ ತಿಳಿಯದು. ನೆನಪಿರುವುದು ನಿಮ್ಮ ಎರಡು ಟಣ್ ಒಂದೇ. ನಿನ್ನೆ ಗೋಡೆಯ ವಿಷಯಕ್ಕೆ ಅಜ್ಜಿಯೂ ಬೀಗತಿಯೂ ಎದ್ದು ನಿಂತು ಕೈ ತೋರಿಸಿ ಬೈದಾಡುತ್ತಿದ್ದಾಗ ನಾನು ಚಮಚ ತೆಗೆದುಕೊಂಡು ಎರಡು ಸಲ ಬಡಿದೆ. ಇಬ್ಬರೂ ಕೂತರು. ಸ್ವೆಟರಿನ ತೋಳು ಉದ್ದವಾಯಿತೇ ಎಂದು ಬೀಗತಿ ಕೇಳಿದರು.

ಬರುವ ಭಾನುವಾರ ಸುಗುಣಮ್ಮ ಕರೆ ಮಾಡದೆ ಇರುವವರಲ್ಲ. ಬಸಲಿಂಗಪ್ಪನವರು ಶಾಲು ಹೊದ್ದೇ ಬಂದಿರುತ್ತಾರೆ, ನನ್ನ ರಕ್ತ ನನಗೆ ಗೊತ್ತು. ಪಂಚಾಕ್ಷರಯ್ಯನವರು ಒಳಗೆ ಬರದೆ ಬಾಗಿಲಲ್ಲೋ ಕಾರಿನ ಪಕ್ಕದಲ್ಲೋ ನಿಂತಿರಬಹುದು. ಸುಗುಣಮ್ಮ ಫೋನು ಹಿಡಿದುಕೊಂಡು ಅವರ ಬಳಿಗೇ ಹೋಗುತ್ತಾರೆ, ನೋಡುತ್ತಿರಿ. ಆಗ ನೀವು ಸುಮ್ಮನಿದ್ದರೆ ಆ ಮಾತು ನಿಜವಾಗಿಬಿಡುತ್ತದೆ. ಎರಡು ಸಲ ತಟ್ಟಬೇಕಾಗಿಲ್ಲ ಅಜ್ಜ, ಆ ಹೊತ್ತಿಗೆ ಅವರು ಜಗಳವಾಡುತ್ತಿರುವುದಿಲ್ಲ. “ವಾಮನಾ, ಇದ್ದೀಯೇನೋ?” ಎಂದು ನಿಮ್ಮ ಗೆಳೆಯ ಕೇಳುತ್ತಾರೆ.

ಒಂದು ಸಲ ತಟ್ಟಿ, ಸಾಕು.

ನಿಮ್ಮ ಮೇಜಿನ ಮಗಳು,
ನೇಸರಿ