ಹರಿದ ಎಳೆಯ ಉಳಿದ ಕಥೆ

ಮೇಡ್ಲೇರಿ
೨೦-೧೧-೨೦೦೬

ಪ್ರೀತಿಯ ಮೊಮ್ಮಗಳು ರೋಹಿಣಿಗೆ ಅಜ್ಜನ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಪುಣೆಯ ಹಾಸ್ಟೆಲ್ಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಅಜ್ಜಿಯ ಬಲಗೈಯೊಂದನ್ನು ಬಿಟ್ಟು. ಗಾಬರಿಯಾಗಬೇಡ, ಪೂರ್ತಿ ಓದು.

ಈ ಕಥೆಯನ್ನು ಮೊದಲು ಹೇಳಿದವಳು ನೀನೇ. ದಸರಾ ರಜೆಯಲ್ಲಿ, ಕರೆಂಟು ಹೋದಾಗ, ನಮ್ಮ ಕಟ್ಟೆಯ ಮೇಲೆ. ಡಾಕ್ಟರೇಟಿಗೆ ಏನು ಓದುತ್ತೀ ಎಂದು ಪಕ್ಕದ ಮನೆಯ ಹಾಜಿರಾಬಿ ಕೇಳಿದ್ದಳು. ಮೈಯ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಎಳೆ ಇರುತ್ತದೆ, ಎಕ್ಸರೇಯಂಥ ಕಿರಣ ತಾಗಿದರೆ ಅದು ಹರಿಯಬಹುದು ಎಂದು ನೀನು ಹೇಳುವಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಧಾರಾವಾಹಿ ನೋಡಲು ಒಳಗೆ ಓಡಿದರು. ಕೊನೆಯವರೆಗೆ ಕೂತು ಕೇಳಿದವನು ನಾನೊಬ್ಬನೇ.

ಹೋದ ಸೋಮವಾರ ನಿನ್ನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಮಣಿಕಟ್ಟು ಬದನೆಕಾಯಿಯಂತೆ ಬಾತಿತು. ರಾಣೆಬೆನ್ನೂರಿಗೆ ಹೋಗಿ ಎಕ್ಸರೇ ತೆಗೆಸಬೇಕು, ತಡಮಾಡಿದರೆ ಎಲುಬು ಸೊಟ್ಟಗೆ ಕೂಡುತ್ತದೆ, ಆಮೇಲೆ ಆ ಕೈಯಲ್ಲಿ ರೊಟ್ಟಿ ಬಡಿಯಲಾಗದು ಎಂದರು ಊರಿನ ಡಾಕ್ಟರು. ಇವಳು ಕಂಬ ಹಿಡಿದು ಕೂತಳು. "ಒಲ್ಲೆ. ಆ ಬೆಳಕು ಮೈಯಾಗಿನ ಎಳಿ ಹರೀತೈತಿ. ಮೊಮ್ಮಗಳ ಹೇಳ್ಯಾಳ, ಆಕಿ ಅದನ್ನ ಓದಾಕತ್ತಾಳ." ಹಾಜಿರಾಬಿ ಬಂದು, "ಈ ವಯಸ್ಸಿನಾಗ ನಿನ್ನ ಎಳಿ ತಗೊಂಡು ಯಾರು ಕಂಬಳಿ ನೇಯ್ತಾರ, ಏಳ ಭರಮವ್ವಾ" ಎಂದಳು. ನಕ್ಕಳೇ ಹೊರತು ಏಳಲಿಲ್ಲ. ಎಡಗೈಯಲ್ಲೇ ಉಂಡಳು.

ಬುಧವಾರ ಸಂಜೆ ನಾನೇ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡೆ. ಎಲ್ಲರೂ ಕಟ್ಟೆಗೆ ಬಂದರು. "ಅರ್ಧ ಕಥಿ ಕೇಳಿ ಎದ್ದು ಹೋಗೀರಿ, ಉಳಿದದ್ದ ಕೇಳ್ರಿ" ಎಂದು ಶುರುಮಾಡಿದೆ. ಎಳೆ ಹರಿದರೆ ಜೀವಕೋಶ ಒಂದು ಎರಡಾಗುವ ಕೆಲಸ ನಿಲ್ಲಿಸುತ್ತದೆ, ಜೋಡಿಸುವವರನ್ನು ಕರೆಯುತ್ತದೆ, ತುದಿಗೆ ತುದಿ ಬೆಸೆದ ಮೇಲೆಯೇ ಮುಂದೆ ಸಾಗುತ್ತದೆ. ಬೆಸೆಯಲಾಗದಷ್ಟು ಹರಿದಿದ್ದರೆ ಉಳಿದವಕ್ಕೆ ತೊಂದರೆಯಾಗದಂತೆ ತಾನೇ ಸಾಯುತ್ತದೆ. ಬಿಸಿಲಿಗೂ ದಿನಾ ಕೆಡುತ್ತದೆ, ದಿನಾ ರಿಪೇರಿ ಆಗುತ್ತದೆ. ಕೈಯ ಒಂದು ಎಕ್ಸರೇ ದೊಡ್ಡದಲ್ಲ. ಎಲ್ಲ ನಿನ್ನ ಮಾತುಗಳೇ.

ಅಜ್ಜಿ ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಬಿಸಿಲಾಗ ಕಳೆ ಕೀಳೂದರಾಗ ಜಲ್ಮ ಕಳದೇನಿ. ಅಂದ್ರ ನನ್ನ ಮೈಯಾಗ ಜೋಡಸಾವ್ರು ಚಲೋ ಪಳಗ್ಯಾರ ಬಿಡು" ಎಂದಳು.

ಮರುದಿನ ಬೆಳಿಗ್ಗೆ ಅವಳು ಮೊದಲ ಬಸ್ಸು ಹತ್ತಿದಳು. ಕಥೆ ಕೇಳಿದವರೆಲ್ಲ ಹಿಂದೆಯೇ ಹತ್ತಿದರು, ಹಾಜಿರಾಬಿ ಬುತ್ತಿ ಕಟ್ಟಿಕೊಂಡು.

ನಿನ್ನ ಗುರುಗಳಿಗೆ ನಮ್ಮ ನಮಸ್ಕಾರ ಹೇಳು. ನೀನೂ ನಿನ್ನ ಜೀವಕೋಶಗಳೂ ಸುಖವಾಗಿರಿ.

ನಿನ್ನ ಅಜ್ಜ,
ಗುಡ್ಡಪ್ಪ

ತಾ.ಕ.: ಮುಖ್ಯವಾದದ್ದನ್ನೇ ಮರೆತೆ. ಎಲುಬು ಬಿರುಕು ಬಿಟ್ಟಿದೆ, ಜಾಗ ತಪ್ಪಿಲ್ಲ. ಪ್ಲಾಸ್ಟರ್ ಹಾಕಿದ್ದಾರೆ, ಕೈ ಮೊದಲಿನಂತಾಗುತ್ತದೆ. ಅಲ್ಲಿಯವರೆಗೆ ರೊಟ್ಟಿ ಬಡಿಯುವವನು ನಾನು. ಕಾಗದಕ್ಕೆ ಹಿಟ್ಟು ಹತ್ತಿದ್ದು ಅದಕ್ಕೇ. ಅಜ್ಜಿ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ: "ಮುಂದಿನ ಸಲ ಬಂದಾಗ ಕಥಿ ಹಿಂದಿಂದ ಸುರು ಮಾಡ ಅನ್ನು. ಮೊದಲ ಜೋಡಸಾವ್ರ ಬರಲಿ, ಆಮ್ಯಾಲೆ ಹರಿಯೂದು."